ಎಮ್ಮೆಯ ಗಂಟಲಿಗೆ ಇಳಿದ ಕೈ

ನಾನು ನಿಂತದ್ದು ಎಮ್ಮೆಯ ಎಡಮಗ್ಗುಲಿಗೆ, ಅದರ ಕೊಂಬಿನಿಂದ ಒಂದು ಮೊಳ ಹಿಂದೆ. ಬೆನ್ನಿಗೆ ಮೇವು ಹಾಕುವ ಗೋದಲಿಯ ಕಲ್ಲು ತಾಗುತ್ತಿತ್ತು. ಊರು ಗಬ್ಬೂರು. ಬಸ್ಸು ನಿಲ್ಲುವಲ್ಲಿಂದ ಎರಡನೆಯ ಓಣಿ, ಹಾಲು ಮಾರಿ ಬದುಕುತ್ತಿದ್ದ ಒಬ್ಬ ಮುಸ್ಲಿಂ ವಿಧವೆಯ ಹಿತ್ತಲು. ಇಸವಿ ಎಂಬತ್ತೆರಡು, ಶಿವರಾತ್ರಿ ಮುಗಿದ ಮೇಲಿನ ಸೋಮವಾರ. ಹತ್ತು ಗಂಟೆಯ ದೇವದುರ್ಗದ ಬಸ್ಸು ಆಗಷ್ಟೇ ಹಾರ್ನ್ ಹಾಕಿಕೊಂಡು ಹೋಗಿತ್ತು. ವಾರವನ್ನೂ ಗಂಟೆಯನ್ನೂ ನಾನು ತಪ್ಪುವುದಿಲ್ಲ. ಆ ದಿನದಿಂದ ಮುಂದೆ ಎಷ್ಟು ದಿನವಾಯಿತು ಎಂದು ತಿಂಗಳುಗಟ್ಟಲೆ ಬೆರಳು ಮಡಿಸಿದವನು ನಾನೇ.

ಹಿತ್ತಲಲ್ಲಿ ನಾವು ನಾಲ್ಕು ಜನ ಇದ್ದೆವು. ಎಮ್ಮೆಯ ಒಡತಿ, ಅವಳನ್ನು ಓಣಿಯವರೆಲ್ಲ ಚಾಚಿ ಎನ್ನುತ್ತಿದ್ದರು. ನನ್ನ ಅಣ್ಣ. ಎಣ್ಣೆಯ ಬಟ್ಟಲು ಹಿಡಿದಿದ್ದ ಅತ್ತಿಗೆ. ಮತ್ತು ನಾನು.

ನಮ್ಮ ಮನೆ ಇರುವುದು ಮಾನ್ವಿಯಲ್ಲಿ, ಅವ್ವ ಅಲ್ಲಿದ್ದಳು. ಅಣ್ಣ ಮದುವೆಯಾಗಿ ಹೆಂಡತಿಯ ಊರಾದ ಗಬ್ಬೂರಿಗೆ ಬಂದು ಉಳಿದಿದ್ದ. ಗಂಡ ಹೆಂಡತಿ ಇಬ್ಬರೂ ಹೊಲದ ಕೂಲಿಗೆ ಹೋಗುತ್ತಿದ್ದರು. ಅದರ ಜೊತೆಗೆ ಅವನಿಗೆ ಇನ್ನೊಂದು ಕೆಲಸ ಗೊತ್ತಿತ್ತು. ದನದ ಗಂಟಲಲ್ಲಿ ಜೋಳದ ದಂಟಿನ ಗಿಣ್ಣೋ ಮಾವಿನ ವಾಟೆಯೋ ಸಿಕ್ಕಿಕೊಂಡರೆ ಸುತ್ತಲ ಹಳ್ಳಿಯವರು ಅವನನ್ನು ಕರೆಯುತ್ತಿದ್ದರು. ನಮ್ಮ ಅಪ್ಪನೂ ಇದನ್ನೇ ಮಾಡುತ್ತಿದ್ದ. ಮೊಣಕೈ ದಾಟುವ ತನಕ ಕುಸುಬೆ ಎಣ್ಣೆ ಸವರಿಕೊಳ್ಳಬೇಕು. ಎಡಗೈಯಿಂದ ನಾಲಗೆಯನ್ನು ಪಕ್ಕಕ್ಕೆ ಎಳೆದು ಹಿಡಿಯಬೇಕು. ಬಲಗೈಯ ಐದು ಬೆರಳನ್ನು ಮೊಗ್ಗಿನ ಹಾಗೆ ಕೂಡಿಸಿ ಒಳಗೆ ಇಳಿಸಬೇಕು. ಇಳಿಸುವ ಮೊದಲು ಅಣ್ಣ ದನದ ಕಿವಿಯ ಹತ್ತಿರ ಬಾಗಿ, "ತಪ್ಪು ಮಾಡಿದ್ರ ಕಡಿ ತಾಯಿ, ಇಲ್ಲಂದ್ರ ಬಿಡು" ಎನ್ನುತ್ತಿದ್ದ. ಅಲ್ಲಿಯವರೆಗೆ ಒಂದು ದನವೂ ಅವನನ್ನು ಕಚ್ಚಿರಲಿಲ್ಲ.

ಎಮ್ಮೆ ಎರಡು ದಿನದಿಂದ ನೀರು ಕುಡಿದಿರಲಿಲ್ಲ. ಬಾಯಿಯಿಂದ ಜೊಲ್ಲು ಹಗ್ಗದಂತೆ ನೆಲಕ್ಕೆ ಇಳಿಯುತ್ತಿತ್ತು.

"ಮೇವು ಮೂಸ್ತಾಳ, ಬಿಡ್ತಾಳ. ಬಕೀಟ ಹತ್ರ ತಂದ್ರ ಬಾಯಿ ಹಾಕ್ತಾಳ, ನೀರು ಒಳಗ ಇಳಿವಲ್ದು. ಯಾ ಅಲ್ಲಾ, ಏನಾತೋ ನನ್ನ ಬೇಟಿಗಿ" ಎಂದಳು ಚಾಚಿ.

ಅಣ್ಣ ನನ್ನ ಮುಖ ನೋಡಿದ. ನಾನು ಆಗ ರಾಯಚೂರಿನಲ್ಲಿ ಒಂದು ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದೆ. ಹಬ್ಬಕ್ಕೆಂದು ಬಂದವನು, ಆ ಸಂಜೆ ಹಿಂದಿರುಗುವವನಿದ್ದೆ. ಓದಿದವನ ಮಾತು ಎಂದು ಅಣ್ಣ ನನ್ನ ಕಡೆ ತಿರುಗಿದ್ದು. ನಾನು ಎಮ್ಮೆಯ ದವಡೆಯ ಕೆಳಗೆ ಮುಟ್ಟದೆ ಬಾಗಿ ನೋಡಿ ಹೇಳಿದೆ: "ಗಂಟಲದಾಗ ಏನೋ ಸಿಕ್ಕದ. ಕೈ ಹಾಕಿ ನೋಡು."

ಈ ಮಾತು ನನ್ನದು. ಇದನ್ನು ಇನ್ನೊಬ್ಬರ ಬಾಯಿಗೆ ಹಾಕುವಂತಿಲ್ಲ.

ಹತ್ತಿ ಬಿಡಿಸುವ ಕಾಲ ಮುಗಿಯುತ್ತಾ ಬಂದಿತ್ತು. ಒಣಗಿದ ಕಾಯಿಯ ಸಿಪ್ಪೆ ಮುಳ್ಳಿನಂತೆ ಚುಚ್ಚುತ್ತದೆ. ದಿನಗಟ್ಟಲೆ ಬಿಡಿಸಿದವರ ಉಗುರಿನ ಬುಡವೆಲ್ಲ ಕೆಂಪಗೆ ಗೀರಿರುತ್ತದೆ. ಅಣ್ಣನ ಬೆರಳುಗಳೂ ಹಾಗೇ ಇದ್ದವು. ಅವನು ಎಣ್ಣೆ ಸವರುವಾಗ "ಉರೀತದ ಬೇ" ಎಂದು ಅತ್ತಿಗೆಗೆ ಹೇಳಿದ್ದನ್ನು ಕೇಳಿದೆ. ಕೈ ಇಳಿಯಿತು. ಎಮ್ಮೆ ಕೊಸರಾಡಲಿಲ್ಲ. ಮೊಣಕೈ ಮುಳುಗುವ ತನಕ ಹೋಗಿ, ಸ್ವಲ್ಪ ಹೊತ್ತು ಒಳಗೇ ತಡಕಾಡಿ, ಹೊರಗೆ ಬಂತು. ಇನ್ನೊಮ್ಮೆ ಇಳಿಯಿತು.

"ಏನೂ ಇಲ್ಲಲೇ. ಬಟ್ಟ ಬಯಲು ಅದ" ಎಂದ ಅಣ್ಣ.

ಒಣಹುಲ್ಲಿನಲ್ಲಿ ಜೊಲ್ಲು ಒರೆಸಿಕೊಂಡ. ಅತ್ತಿಗೆ ಒಂದು ತಂಬಿಗೆ ನೀರು ಹೊಯ್ದಳು. ಸೋಪು ಹಚ್ಚಲಿಲ್ಲ. ಅಷ್ಟರಲ್ಲಿ ಎಮ್ಮೆ ಒಮ್ಮೆ ಕೂಗಿತು. ಒಡಕು ದನಿ, ಹರಿದ ಬಟ್ಟೆ ಎಳೆದಂತೆ. ಆ ದನಿಯನ್ನು ಕೇಳಿಯೂ ನನಗೆ ಏನೂ ಹೊಳೆಯಲಿಲ್ಲ.

ನಾನು ಕೆಲಸ ಮಾಡುತ್ತಿದ್ದದ್ದು ಯಾವುದರಲ್ಲಿ ಎಂದು ಇಲ್ಲಿ ಹೇಳಲೇಬೇಕು. ಮೈಸೂರಿನ ಕಡೆಯ ಒಬ್ಬ ಸಂಶೋಧಕಿ, ಮೆದುಳಿನ ಮೇಲೆ ಅಧ್ಯಯನ ಮಾಡುವವರು, ಎರಡು ವರ್ಷದ ಮಟ್ಟಿಗೆ ರಾಯಚೂರಿಗೆ ಬಂದು ಒಂದು ಹಳೆಯ ಕಟ್ಟಡದ ಎರಡು ಕೋಣೆ ಹಿಡಿದಿದ್ದರು. ಹುಚ್ಚುನಾಯಿ ರೋಗದ ವೈರಸ್ಸು ನಾಯಿಯಲ್ಲೂ ದನದಲ್ಲೂ ಮೆದುಳಿನ ಯಾವ ಯಾವ ಭಾಗದಲ್ಲಿ ಗುಂಪುಗಟ್ಟುತ್ತದೆ ಎಂಬುದು ಅವರ ಪ್ರಶ್ನೆ. ಅದನ್ನು ಪತ್ತೆ ಹಚ್ಚಲು ಅವರ ಬಳಿ ಇದ್ದದ್ದು ಹೆಬ್ಬೆರಳಿನಷ್ಟು ಎತ್ತರದ ಒಂದು ಸೀಸೆ. ಅದರಲ್ಲಿ ಪ್ರತಿಕಾಯ ಇತ್ತು. ನಾವು ಆಂಟಿಬಾಡಿ ಎಂದೇ ಕರೆಯುತ್ತಿದ್ದೆವು. ಪಶುವಿನ ರಕ್ತದಿಂದ ತೆಗೆದು, ವಿಶೇಷ ದೀಪದ ಕೆಳಗೆ ಹಸಿರಾಗಿ ಹೊಳೆಯುವ ಬಣ್ಣವನ್ನು ಅದಕ್ಕೆ ಕಟ್ಟಿದ್ದರು. ಸತ್ತ ಪ್ರಾಣಿಯ ಮೆದುಳನ್ನು ಗಾಜಿನ ಪಟ್ಟಿಗೆ ಒತ್ತಿ, ಮೇಲೆ ಇದರ ಒಂದು ಹನಿ ಹಾಕಿ ತೊಳೆದರೆ, ವೈರಸ್ಸಿನ ಪ್ರೋಟೀನು ಇದ್ದ ಕಡೆ ಮಾತ್ರ ಅದು ಕಚ್ಚಿಕೊಂಡು ಉಳಿಯುತ್ತದೆ. ಇಲ್ಲದಿದ್ದರೆ ತೊಳೆದ ನೀರಿನ ಜೊತೆ ಹೋಗುತ್ತದೆ. ಆ ಸೀಸೆ ಐಸು ತುಂಬಿದ ಥರ್ಮಾಸಿನಲ್ಲಿ ರೈಲಿನಲ್ಲಿ ಬರುತ್ತಿತ್ತು. ಸ್ಟೇಷನ್ನಿಗೆ ಹೋಗಿ ತರುವವನು ನಾನು.

ಆ ಕೋಣೆಯಲ್ಲಿ ನಾನು ಎಷ್ಟೋ ನಾಯಿಗಳ ಮೆದುಳನ್ನು ಗಾಜಿಗೆ ಒತ್ತಿದ್ದೆ. ಹಸಿರು ಹೊಳೆದದ್ದನ್ನೂ ಕಂಡಿದ್ದೆ. ಕೆಲಸಕ್ಕೆ ಸೇರಿದ ವಾರವೇ ಮೇಡಂ ನನ್ನನ್ನು ಆಸ್ಪತ್ರೆಗೆ ಕಳಿಸಿ ಹೊಟ್ಟೆಗೆ ಹದಿನಾಲ್ಕು ಸೂಜಿ ಹಾಕಿಸಿದ್ದರು. ಆದರೂ ಈ ರೋಗವೆಂದರೆ ನನ್ನ ತಲೆಯಲ್ಲಿ ನಾಯಿ; ಓಡಿಬಂದು ಕಚ್ಚುವ, ಕಣ್ಣು ಕೆಂಪಾದ ನಾಯಿ. ಗೋದಲಿಯ ಮುಂದೆ ತಲೆ ತಗ್ಗಿಸಿ ನಿಂತು ನೀರು ನುಂಗಲಾರದ ಎಮ್ಮೆಯನ್ನು ನಾನು ಈ ರೋಗದ ಜೊತೆ ಕೂಡಿಸಲಿಲ್ಲ.

ಬುಧವಾರ ಎಮ್ಮೆ ಸತ್ತಿತು. ಅಣ್ಣ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಸುದ್ದಿ ಕಳಿಸಿದ: ನಿಮ್ಮ ಮೇಡಂಗೆ ಮೆದುಳು ಬೇಕಿದ್ದರೆ ಬಂದು ಒಯ್ಯಿ. ದನ ಯಾವುದು ಸತ್ತರೂ ತಿಳಿಸಿ ಎಂದು ಅವನಿಗೆ ಹೇಳಿಟ್ಟಿದ್ದವನು ನಾನೇ. ಗುರುವಾರ ಬೆಳಿಗ್ಗೆ ಐಸು, ಕಟ್ಟಿಗೆಯ ಹೊಟ್ಟು, ಅಗಲ ಬಾಯಿಯ ಬಾಟ್ಲಿ ಎಲ್ಲವನ್ನೂ ಒಂದು ಎಣ್ಣೆ ಡಬ್ಬಿಯಲ್ಲಿ ತುಂಬಿಕೊಂಡು ಹೋದೆ. ರಬ್ಬರು ಕೈಗವಸು ಹಾಕಿಕೊಂಡೇ ಕೆಲಸ ಮಾಡಿದೆ. ಅಣ್ಣ ಕೊಡಲಿ ಕೊಟ್ಟು ದೂರ ಕೂತು ಬೀಡಿ ಸೇದುತ್ತಾ, "ಮದುಮಗನಂಗ ಕೈಗಿ ಏನೇನೋ ಹಾಕ್ಕೊಂಡು ಕುಂತಾನ ನೋಡು" ಎಂದು ಹೆಂಡತಿಯನ್ನು ನಗಿಸಿದ.

ಮರಳುವಾಗ ಬಸ್ಸಿನಲ್ಲಿ ಡಬ್ಬಿಯಿಂದ ನೀರು ಜಿನುಗಿತು.

"ಏನ್ರೀ ಅದು? ನನ್ನ ಚಪ್ಪಲಿಗಿ ನೀರು ಬರಾಕತ್ತದ" ಎಂದ ಕಂಡಕ್ಟರ್.

"ಮೆದುಳ್ರಿ."

"ಯಾರದು?"

"ಎಮ್ಮಿದು."

"ಹಂಗಾರ ಅರ್ಧಾ ಟಿಕೇಟು ತಗೋರಿ. ಪೂರಾ ತಗೋಳಷ್ಟು ಮೆದುಳು ಎಮ್ಮಿಗಿ ಎಲ್ಲಿರ್ತದ?"

ಬಸ್ಸು ನಕ್ಕಿತು. ನಾನೂ ನಕ್ಕೆ. ಆ ನಗುವನ್ನೂ ಇಲ್ಲಿ ಬರೆಯದೆ ಬಿಡಬಾರದು.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಪಟ್ಟಿಗಳು ಸಿದ್ಧವಾದವು. ಒತ್ತಿದವನು, ಹನಿ ಹಾಕಿದವನು, ಅರ್ಧ ಗಂಟೆ ಬೆಚ್ಚಗಿಟ್ಟು ತೊಳೆದವನು ನಾನು. ಒಳಕೋಣೆಯ ಕಿಟಕಿಗೆ ಕರಿ ಕಂಬಳಿ ಬಿಗಿದಿದ್ದೆವು. ಮೇಡಂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು, ತಿರುಪು ತಿರುಗಿಸಿದರು, ಒಮ್ಮೆಲೇ ಕೂಗಿದರು:

"ಅಬ್ಬಾ! ಬನ್ನಿ ಇಲ್ಲಿ, ಬೇಗ ಬನ್ನಿ. ಇಷ್ಟು ಚೆನ್ನಾಗಿ ಹೊಳೆದಿರೋದನ್ನ ನಾನು ನೋಡೇ ಇಲ್ಲ. ಎಮ್ಮೇಲಿ ನೋಡ್ರಿ, ಎಮ್ಮೇಲಿ!"

ಅವರ ಸಂತೋಷ ಸುಳ್ಳಲ್ಲ. ತಿಂಗಳುಗಳಿಂದ ದನದ ಮೆದುಳಿಗಾಗಿ ಕಾದವರು. ನಾನು ಬಾಗಿದೆ. ಕಪ್ಪು ಹಿನ್ನೆಲೆ. ಅದರ ತುಂಬ ತಿಳಿಹಸಿರು ಚುಕ್ಕಿಗಳು, ಕೆಲವು ಸಾಸಿವೆಯಂತೆ ದುಂಡಗೆ, ಕೆಲವು ಧೂಳಿನಷ್ಟು ಸಣ್ಣ. ನಾನು ಅವುಗಳನ್ನು ಎಣಿಸಲು ಹೊರಟೆ, ಯಾಕೆಂದು ಗೊತ್ತಿಲ್ಲ. ಹದಿನಾರೋ ಹದಿನೇಳೋ ಎಣಿಸುವಷ್ಟರಲ್ಲಿ ಸೋಮವಾರದ ಹಿತ್ತಲು ನೆನಪಿಗೆ ಬಂತು. ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದೆ.

"ಮೇಡಂ, ಈ ಎಮ್ಮಿ ಬಾಯಾಗ ನಮ್ಮಣ್ಣ ಕೈ ಹಾಕ್ಯಾನ್ರಿ."

ಅವರ ಮುಖದ ಮೇಲೆ ನಗು ಇನ್ನೂ ಹಾಗೇ ಇತ್ತು. ಅದು ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಯಾವಾಗ?"

"ಸೋಮವಾರ."

"ಕೈಮೇಲೆ ಗಾಯ ಇತ್ತಾ?"

"ಹತ್ತಿ ಬಿಡಸ್ತಾನ್ರಿ."

ಅವರಿಗೆ ಅದು ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಕೂತರು.

ನಾನು ಆಗ ನನ್ನ ಕೆಲಸದ ಮೇಲೆ ನಾನೇ ಅನುಮಾನ ಪಟ್ಟೆ. ಪಟ್ಟಿ ಅದಲುಬದಲಾಗಿರಬಹುದು, ಹಿಂದಿನ ವಾರದ ನಾಯಿಯದಿರಬಹುದು, ಸರಿಯಾಗಿ ತೊಳೆದಿಲ್ಲದಿರಬಹುದು. ನನ್ನ ಜನ್ಮದಲ್ಲಿ ನಾನು ಕೆಟ್ಟ ಕೆಲಸಗಾರನಾಗಲಿ ಎಂದು ಬೇಡಿಕೊಂಡದ್ದು ಅದೊಂದೇ ಸಲ. ಮೇಡಂ ಬೇಡ ಎನ್ನಲಿಲ್ಲ. "ಇನ್ನೊಂದು ಸಲ ಮಾಡೋಣ, ಎದುರು ಪರೀಕ್ಷೆ ಇಟ್ಟು ಮಾಡೋಣ" ಎಂದರು.

ಎದುರು ಪರೀಕ್ಷೆ ಎಂದರೆ ಹೀಗೆ. ಆಂಟಿಬಾಡಿಯನ್ನು ಎರಡು ಪಾಲು ಮಾಡಬೇಕು. ಒಂದು ಪಾಲನ್ನು ರೋಗದ ಇಲಿಯ ಮೆದುಳಿನ ಜೊತೆ ಮೊದಲೇ ಕಲಸಬೇಕು. ಆಂಟಿಬಾಡಿ ಅಲ್ಲೇ ಕಚ್ಚಿಕೊಂಡು ಮುಗಿದುಹೋಗುತ್ತದೆ, ಪಟ್ಟಿಯ ಮೇಲೆ ಹೊಳೆಯಲು ಏನೂ ಉಳಿಯುವುದಿಲ್ಲ. ಇನ್ನೊಂದು ಪಾಲನ್ನು ರೋಗವಿಲ್ಲದ ಇಲಿಯ ಮೆದುಳಿನ ಜೊತೆ ಕಲಸಬೇಕು. ಅಲ್ಲಿ ಹಿಡಿಯಲು ಏನೂ ಸಿಗದೆ ಹಾಗೇ ಉಳಿದಿರುತ್ತದೆ. ಎರಡನ್ನೂ ಅದೇ ಎಮ್ಮೆಯ ಮೆದುಳಿನ ಮೇಲೆ ಹಾಕಿದಾಗ ಮೊದಲನೆಯದು ಕಪ್ಪಾಗಿ, ಎರಡನೆಯದು ಮಾತ್ರ ಹೊಳೆದರೆ ಸಂಶಯಕ್ಕೆ ಜಾಗವಿಲ್ಲ.

ಮೊದಲನೆಯ ಪಟ್ಟಿ ಇಟ್ಟು ನೋಡಿದೆವು. ಕಪ್ಪು. ಎರಡನೆಯದನ್ನು ಇಡುವಷ್ಟರಲ್ಲಿ ಕರೆಂಟು ಹೋಯಿತು. ಹತ್ತು ನಿಮಿಷಕ್ಕೆ ಮರಳಿ ಬಂದರೂ ಆ ದೀಪವನ್ನು ಪೂರ್ತಿ ತಣ್ಣಗಾಗುವ ತನಕ ಹೊತ್ತಿಸುವಂತಿರಲಿಲ್ಲ, ಹೊತ್ತಿಸಿದರೆ ಸಿಡಿಯುತ್ತದೆ. ಕಂಬಳಿ ಬಿಗಿದ ಕೋಣೆಯಲ್ಲಿ, ಹೊರಗೆ ಉರಿಬಿಸಿಲು ಇರುವಾಗ, ನಾವಿಬ್ಬರೂ ಕೂತೆವು. ಮೇಡಂ ಒಂದೇ ಒಂದು ಮಾತಾಡಿದರು: "ನಿಮ್ಮಣ್ಣಂಗೆ ಮಕ್ಕಳಿದಾರಾ?" ಇಲ್ಲ ಎಂದೆ.

ದೀಪ ಹೊತ್ತಿತು. ಎರಡನೆಯದು ಹೊಳೆಯಿತು.

ಸಂಜೆಯ ಬಸ್ಸಿಗೆ ಗಬ್ಬೂರಿಗೆ ಹೋದೆ. ನಾನು ಚಾಚಿಗೆ ವಿಷಯ ಹೇಳಿದ್ದೇ ತಡ, ಓಣಿಯೇ ಬಂದು ಸುತ್ತುವರಿಯಿತು. ಅವಳ ಹಾಲು ಕುಡಿದವರು, ಆ ಹಾಲಿನ ಚಹಾ ಕುಡಿದವರು, ಚಹಾ ಕುಡಿದವರ ಪಕ್ಕ ಕೂತವರು, ಎಲ್ಲರಿಗೂ ಸೂಜಿ ಬೇಕಾಗಿತ್ತು. ಹಾಲು ಕಾಯಿಸಿದ್ದೀರಿ, ಭಯವಿಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು. ಯಾರಿಗೆ ಬೇಕಾಗಿತ್ತೋ ಅವನು ಮಾತ್ರ ಕಟ್ಟೆಯ ಮೇಲೆ ಆರಾಮಾಗಿ ಕೂತಿದ್ದ.

"ಎಮ್ಮಿ ಕಡದಿಲ್ಲಲೇ. ಹಲ್ಲು ಸುದ್ದಾ ತಾಗಿಲ್ಲ. ಯಾಕ ಹೊಟ್ಟಿ ಚುಚ್ಚಿಸ್ಕೋಬೇಕು?"

"ಕಡೀಬೇಕಂತಿಲ್ಲಣ್ಣ. ಜೊಲ್ಲು ಸಾಕು. ನಿನ್ನ ಬೆರಳು ನೋಡು."

"ಹತ್ತಿ ಗೀರಿದ್ದಕ್ಕ ಸಾಯದಾದ್ರ ಗಬ್ಬೂರಾಗ ಒಬ್ರೂ ಉಳೀತಿದ್ದಿಲ್ಲ."

ಅತ್ತಿಗೆ ನನ್ನ ಕಡೆ ಇದ್ದಳು. "ಎಮ್ಮಿ ಮಾತು ಕೇಳ್ತೀರಿ, ತಮ್ಮನ ಮಾತು ಕೇಳಂಗಿಲ್ಲ" ಎಂದು ಅವನನ್ನು ಮೂದಲಿಸಿದಳು. ಅವನು ಕೊನೆಗೆ ಒಪ್ಪಿದ್ದು ಒಂದಕ್ಕೆ: ನೀ ಏನು ನೋಡಿದೆಯೋ ಅದನ್ನು ನನಗೂ ತೋರಿಸು, ಆಮೇಲೆ ಮಾತು.

ಶನಿವಾರ ಅಣ್ಣ, ಅತ್ತಿಗೆ ಇಬ್ಬರನ್ನೂ ರಾಯಚೂರಿಗೆ ಕರೆದುಕೊಂಡು ಬಂದೆ. ಅಣ್ಣ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದ. ಮೇಡಂ ಮೊದಲು ಕಸಾಯಿಖಾನೆಯಿಂದ ತಂದಿದ್ದ ರೋಗವಿಲ್ಲದ ಎಮ್ಮೆಯ ಪಟ್ಟಿ ತೋರಿಸಿದರು. ಆಮೇಲೆ ಚಾಚಿಯ ಎಮ್ಮೆಯದು. ಅವನು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ.

"ಇದು ತಾನಾಗೇ ಹೊಳೀತದೋ, ಇವ ಔಷಧ ಹಚ್ಚಿದ್ದಕ್ಕ ಹೊಳೀತದೋ?"

"ಹಚ್ಚಿದ್ದಕ್ಕೇ. ಆದರೆ ಎರಡಕ್ಕೂ ಒಂದೇ ಹಚ್ಚಿರೋದು. ರೋಗ ಇದ್ದ ಕಡೆ ಮಾತ್ರ ಅದು ಹಿಡ್ಕೊಳ್ಳುತ್ತೆ" ಎಂದರು ಮೇಡಂ.

ಅಣ್ಣ ತಲೆ ಎತ್ತಿದ. "ಅಂದ್ರ ಸಂಜಿಗಿ ದನ ಬಂದಾಗ ಕರ ತನ್ನ ತಾಯಿನ್ನ ಹುಡುಕ್ಕೊಂಡು ಹೋದಂಗ. ನೂರು ಎಮ್ಮಿ ಇದ್ರೂ ಬ್ಯಾರೆದ್ರ ಕೆಚ್ಚಲಕ ಬಾಯಿ ಹಾಕಂಗಿಲ್ಲ."

"ಹಾಗೇ" ಎಂದರು ಮೇಡಂ.

ಅವನು ನನ್ನ ಕಡೆ ತಿರುಗಿದ. "ನೀ ದಿನಾ ಇದನ್ನೇ ಮಾಡ್ತಿ. ನಿನಗ ಸೂಜಿ ಹಾಕ್ಯಾರೇನು?"

"ಹಾಕ್ಯಾರ."

"ಯಾವಾಗ?"

"ಕೆಲಸಕ್ಕ ಸೇರಿದಾಗ."

"ಅಂದ್ರ ಸೋಮವಾರ ನೀ ಸೂಜಿ ಹಾಕ್ಕೊಂಡು ನಿಂತಿದ್ದಿ. ನನಗ ಕೈ ಹಾಕು ಅಂದಿ."

ದನಿ ಏರಿಸಲಿಲ್ಲ. ಲೆಕ್ಕ ಸರಿಯಿದೆಯೇ ಎಂದು ಕೇಳುವವನಂತೆ ಅಂದ. ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಈಗಲೂ ನನ್ನನ್ನು ನಡುಗಿಸುವುದು ಆ ಹಸಿರಲ್ಲ. ನಾನು ಗೊತ್ತಿದ್ದೂ ಹೇಳಲಿಲ್ಲ ಎಂದು ಅವನು ತಿಳಿದನಲ್ಲ, ಅದು. ನನಗೆ ಹೊಳೆಯಲಿಲ್ಲ ಎಂಬ ನಿಜವನ್ನು ಹೇಳಿದ್ದರೆ ಅದು ಸುಳ್ಳಿಗಿಂತ ಕಡೆಯಾಗಿ ಕೇಳಿಸುತ್ತಿತ್ತು.

ಸೂಜಿಗೆ ಅವನು ಒಪ್ಪಿದ. ಆದರೆ ರಾಯಚೂರಿನಲ್ಲಿ ನನ್ನ ಮನೆಯಲ್ಲಿ ಇರಲು ಒಪ್ಪಲಿಲ್ಲ. "ಅವ್ವನ ಹತ್ರ ಇರ್ತೀನಿ" ಎಂದ. ಮಾನ್ವಿಯ ಆಸ್ಪತ್ರೆಯಲ್ಲಿ ಆಗ ಔಷಧ ಇರಲಿಲ್ಲ. ಮೇಡಂ ಅದೇ ಮಧ್ಯಾಹ್ನ ಎಲ್ಲೆಲ್ಲೋ ಓಡಾಡಿ ರಾಯಚೂರಿನಲ್ಲೇ ಹದಿನಾಲ್ಕು ದಿನಕ್ಕೆ ಆಗುವಷ್ಟು ದೊರಕಿಸಿ, ಆಂಟಿಬಾಡಿ ಬರುತ್ತಿದ್ದ ಥರ್ಮಾಸಿನಲ್ಲೇ ತುಂಬಿ ಕೊಟ್ಟರು. ಭಾನುವಾರ ಮೊದಲನೆಯ ಸೂಜಿ ಬಿತ್ತು. ಸೋಮವಾರದಿಂದ ಭಾನುವಾರಕ್ಕೆ ಆರು ದಿನ ಕಳೆದಿದ್ದವು. ಆ ಆರು ದಿನದಲ್ಲಿ ವೈರಸ್ಸು ಬೆರಳಿನಿಂದ ಮೆದುಳಿನ ಕಡೆ ಎಲ್ಲಿಯವರೆಗೆ ಹೋಗಿರಬಹುದು ಎಂದು ನಾನು ಮೇಡಂ ಅವರನ್ನು ಕೇಳಿದೆ. "ಅದನ್ನ ತೋರಿಸೋ ಆಂಟಿಬಾಡಿ ನನ್ನತ್ರ ಇಲ್ಲ. ಬದುಕಿರೋರಲ್ಲಿ ನೋಡೋಕೆ ಆಗಲ್ಲ" ಎಂದರು.

ಹದಿನಾಲ್ಕು ದಿನವೂ ಅವನ ಹೊಟ್ಟೆ ಹೊಕ್ಕಳಿನ ಸುತ್ತ ಊದಿಕೊಂಡಿತ್ತು. ಅವ್ವ ಬಿಸಿನೀರಿನ ಬಟ್ಟೆ ಇಡುತ್ತಿದ್ದಳು. ನಾನು ರಜೆಯಲ್ಲಿ ಹೋದಾಗೆಲ್ಲ ಅವನು ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಸೂಜಿ ಮುಗಿದ ಮೇಲೂ ಗಬ್ಬೂರಿಗೆ ಹೋಗಲಿಲ್ಲ. ಅತ್ತಿಗೆಯೇ ಮಾನ್ವಿಗೆ ಬಂದಳು. ರೋಗ ಬರುವುದಾದರೆ ಮೂರು ತಿಂಗಳೊಳಗೆ ಬರುವುದು ಹೆಚ್ಚು ಎಂದು ಮೇಡಂ ಹೇಳಿದ್ದರು. ಬಂದರೆ ಉಳಿಸುವ ಔಷಧ ಇಲ್ಲ ಎಂಬುದನ್ನು ಅವರು ಹೇಳಬೇಕಾಗಿರಲಿಲ್ಲ.

ಕಾರಹುಣ್ಣಿಮೆಯ ಹೊತ್ತಿಗೆ, ಮೂರು ತಿಂಗಳು ದಾಟಿ ಕೆಲವು ದಿನ ಆಗಿದ್ದಾಗ, ಮಧ್ಯಾಹ್ನ ಎಲ್ಲರೂ ಉಣ್ಣಲು ಕೂತಿದ್ದೆವು. ನಾನು ಬಾಗಿಲ ಹತ್ತಿರ, ಅಣ್ಣ ಕಂಬಕ್ಕೆ ಒರಗಿ. ಅವನು ತಂಬಿಗೆ ಎತ್ತಿ ಒಂದು ಗುಟುಕು ನೀರು ಬಾಯಿಗೆ ಹೊಯ್ದುಕೊಂಡ. ನೀರು ಇಳಿಯಲಿಲ್ಲ. ಮೂಗಿನಿಂದಲೂ ಬಾಯಿಯಿಂದಲೂ ಚಿಮ್ಮಿತು. ತಂಬಿಗೆ ಉರುಳಿತು. ಅವನು ಎರಡೂ ಕೈಯಿಂದ ಗಂಟಲು ಹಿಡಿದುಕೊಂಡ, ಕಣ್ಣು ದೊಡ್ಡವಾದವು. ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ಅತ್ತಿಗೆ ಎದ್ದವಳು ಒಂದು ಹೆಜ್ಜೆ ಮುಂದೆ ಇಡಲಿಲ್ಲ. ನಾನೂ ಇಡಲಿಲ್ಲ. ಇದನ್ನೂ ಬರೆಯಬೇಕು: ಅವನ ಕಡೆ ಹೋಗಲು ನನ್ನ ಕಾಲು ಎದ್ದಿತೇ ಎಂದರೆ, ಎದ್ದದ್ದು ಬಾಗಿಲ ಕಡೆಗೆ.

ಅಣ್ಣ ಜೋರಾಗಿ ಕೆಮ್ಮಿದ. ಇನ್ನೊಮ್ಮೆ ಕೆಮ್ಮಿದ. ಗಟ್ಟಿ ರೊಟ್ಟಿಯ ಒಂದು ಚೂರು ಹೊರಗೆ ಬಿತ್ತು. ಅವನು ಅದನ್ನು ನೋಡಿದ, ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ. ಆಮೇಲೆ, ಆ ಶನಿವಾರದಿಂದ ನನ್ನ ಜೊತೆ ಒಂದು ಮಾತೂ ಆಡದಿದ್ದವನು, ಒದ್ದೆ ಮುಖ ಒರೆಸಿಕೊಳ್ಳುತ್ತಾ ಹೇಳಿದ:

"ಯಾಕಲೇ, ದೂರ ನಿಂತಿ? ಬಾ, ಕೈ ಹಾಕಿ ನೋಡು."

ಅವ್ವ ಅಳಲು ಶುರುಮಾಡಿದಳು. ಅಣ್ಣ ತಂಬಿಗೆಯನ್ನು ನನ್ನ ಕಡೆ ಉರುಳಿಸಿ, "ನೀರು ತುಂಬ್ಕೊಂಡು ಬಾ" ಎಂದ. ತಂದುಕೊಟ್ಟೆ. ಎಲ್ಲರ ಮುಂದೆ, ಒಂದೇ ಉಸಿರಿನಲ್ಲಿ, ಗಟಗಟ ಶಬ್ದ ನಮಗೆಲ್ಲ ಕೇಳುವ ಹಾಗೆ, ಅವನು ಅದನ್ನು ತಳ ಕಾಣುವ ತನಕ ಕುಡಿದ.

ಚಾಚಿ ತೀರಿಕೊಂಡಳು, ಅವಳ ಹಿತ್ತಲಲ್ಲಿ ಈಗ ಬೇರೆಯವರ ಮನೆ ಇದೆ. ಅವ್ವನೂ ಇಲ್ಲ. ಮೇಡಂ ಬೇರೆ ದೇಶಕ್ಕೆ ಹೋದ ಮೇಲೆ ಎರಡು ಪತ್ರ ಬಂದವು, ಆಮೇಲೆ ಇಲ್ಲ. ಅವರು ಇದ್ದಾರೋ ಇಲ್ಲವೋ ನಾನು ಹೇಳಲಾರೆ. ಸೋಮವಾರದ ಹಿತ್ತಲನ್ನೂ, ಶನಿವಾರದ ಕತ್ತಲ ಕೋಣೆಯನ್ನೂ, ಆ ಮಧ್ಯಾಹ್ನದ ತಂಬಿಗೆಯನ್ನೂ ಕಂಡವರಲ್ಲಿ ನನ್ನನ್ನು ಬಿಟ್ಟರೆ ಬದುಕಿರುವವರು ಇಬ್ಬರು. ಒಬ್ಬಳು ಅತ್ತಿಗೆ, ಗಬ್ಬೂರಿನಲ್ಲಿದ್ದಾಳೆ, ಕಿವಿ ಮಂದವಾಗಿದೆ, ನೆನಪು ಚೊಕ್ಕವಾಗಿದೆ. ಇನ್ನೊಬ್ಬ ಅಣ್ಣ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಅವನು ಹೇಳುತ್ತಾನೆ.